ಕಾಗದ ನಮ್ಮದು, ಪೆಟ್ಟಿಗೆ ಯಾರದು?

(ನಾಗಪುರದಲ್ಲಿ ನಡೆದ ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಟೇಬಲ್ಲು ಒರೆಸುವ ಹುಡುಗನಾಗಿ ಈ ಊರಿಗೆ ಬಂದವನು ನಾನು. ಆಮೇಲೆ ಸಪ್ಲೈಯರ್ ಆದೆ. ಈಗ ಇಪ್ಪತ್ತು ವರ್ಷಗಳಿಂದ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದೇನೆ. ಲೆಕ್ಕ ಬರೆಯುವವನಿಗೆ ಕಂಪ್ಯೂಟರು ಗೊತ್ತಿರಲೇಬೇಕೆಂದು ನಮ್ಮ ಧಣಿಗಳು ಹಟ ಹಿಡಿದಿದ್ದರಿಂದ ಅಷ್ಟಿಷ್ಟು ಕಲಿತೆ. ಆ ಅಷ್ಟಿಷ್ಟನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ವಿಷಯ ಇಷ್ಟೇ: ದೂರದ ಕಂಪನಿಯೊಂದರ ಹತ್ತಿರ ಇರುವ ನಮ್ಮ ಇ-ಮೇಲ್ ಕಾಗದಗಳನ್ನು ನಮ್ಮ ಕಂಪ್ಯೂಟರಿಗೇ ತರಿಸಿಕೊಂಡು ಇಟ್ಟುಕೊಳ್ಳುವುದು ಹೇಗೆ? ಅದಕ್ಕೂ ಮೊದಲು, ಹಾಗೇಕೆ ಇಟ್ಟುಕೊಳ್ಳಬೇಕು?

ನಾನು ಬಂದ ಹೊಸದರಲ್ಲಿ ಹೋಟೆಲಿನ ಅಟ್ಟದ ಮೇಲೆ ಹನ್ನೆರಡು ಮಂದಿ ಮಲಗುತ್ತಿದ್ದೆವು. ಊರಿನಿಂದ ಇನ್‌ಲ್ಯಾಂಡ್ ಕಾಗದ ಬಂದರೆ, ಓದಲು ಬಲ್ಲವನೊಬ್ಬ ರಾತ್ರಿ ಗಿರಾಕಿಗಳು ಹೋದ ಮೇಲೆ ಗಟ್ಟಿಯಾಗಿ ಓದುತ್ತಿದ್ದ. ಓದಿಸಿಕೊಂಡವನು ಆ ಕಾಗದವನ್ನು ಮಡಚಿ ತನ್ನ ಟ್ರಂಕಿನ ತಳದಲ್ಲಿ ಇಡುತ್ತಿದ್ದ. ಟ್ರಂಕು ತಗಡಿನದೇ ಇರಬಹುದು, ಬೀಗ ಎರಡು ರೂಪಾಯಿಯದೇ ಇರಬಹುದು. ಆದರೆ ಟ್ರಂಕೂ ಅವನದು, ಬೀಗದ ಕೈಯೂ ಅವನದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಇವತ್ತಿನ ನನ್ನ ಮಾತೆಲ್ಲ ಆ ಟ್ರಂಕಿನ ಸುತ್ತಲೇ ಇದೆ.

ನಾವು ಕುಳಿತಿರುವ ಈ ಊರಿಗೂ ಟಪಾಲಿಗೂ ಹಳೆಯ ನಂಟುಂಟು. 1949ರ ಜನವರಿಯಲ್ಲಿ ರಾತ್ರಿ ವಿಮಾನ ಟಪಾಲಿನ ಏರ್ಪಾಡು ಆರಂಭವಾಯಿತು. ದಿಲ್ಲಿ, ಮುಂಬಯಿ, ಕಲ್ಕತ್ತಾ, ಮದ್ರಾಸು ಈ ನಾಲ್ಕು ಊರುಗಳಿಂದ ರಾತ್ರಿ ವಿಮಾನಗಳು ಹೊರಟು ನಡುರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಕೂಡುತ್ತಿದ್ದವು. ಚೀಲಗಳನ್ನು ಇಲ್ಲಿಯೇ ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಂತಮ್ಮ ಊರಿಗೆ ಮರಳುತ್ತಿದ್ದವು. ಅದೇ ವರ್ಷದ ಏಪ್ರಿಲ್‌ನಿಂದ, ವಿಮಾನಕ್ಕೆಂದು ಹೆಚ್ಚಿನ ಸ್ಟಾಂಪು ಹಚ್ಚದ ಕಾಗದವನ್ನೂ ವಿಮಾನದಲ್ಲಿ ಒಯ್ಯತೊಡಗಿದರು. 1970ರ ದಶಕದಲ್ಲಿ ಆ ರಾತ್ರಿ ಸೇವೆ ನಿಂತಿತು. ಆದರೆ ಒಂದು ಕಾಲದಲ್ಲಿ ಮದ್ರಾಸಿನ ತಾಯಿ ದಿಲ್ಲಿಯ ಮಗನಿಗೆ ಬರೆದ ಕಾಗದ, ನಾವು ನಿದ್ದೆ ಮಾಡುತ್ತಿದ್ದ ಹೊತ್ತಿನಲ್ಲಿ ನಮ್ಮೂರ ನೆಲವನ್ನು ಮುಟ್ಟಿಯೇ ಹೋಗುತ್ತಿತ್ತು.

ಅಲ್ಲಿ ಒಂದು ವಿಶೇಷವನ್ನು ಗಮನಿಸಿ. ನಾಗಪುರದಲ್ಲಿ ಚೀಲ ನಿಲ್ಲುತ್ತಿರಲಿಲ್ಲ. ಬಂದ ಚೀಲ ಮುಂದಕ್ಕೆ ಹೋಗಲೇಬೇಕು. ಕಾಗದ ಕೊನೆಗೆ ಯಾರ ಹೆಸರಿನದೋ ಅವರ ಕೈಗೆ ಸೇರಲೇಬೇಕು. ಈಗಿನ ಇ-ಮೇಲ್ ಹಾಗಲ್ಲ. ಅದು ಜೀಮೇಲ್, ಯಾಹೂ, ಔಟ್‌ಲುಕ್ ಮುಂತಾದ ಕಂಪನಿಗಳ ದೊಡ್ಡ ಕಂಪ್ಯೂಟರಿಗೆ ಬಂದು ಅಲ್ಲಿಯೇ ಕುಳಿತಿರುತ್ತದೆ. ನಾವು ಬ್ರೌಸರ್ ತೆರೆದು, ಹೆಸರು ಹೇಳಿ, ಗುಪ್ತಪದ ಹೇಳಿ, ಕಿಟಕಿಯಲ್ಲಿ ನಿಂತು ಓದಿ ಬರುತ್ತೇವೆ. ಇದಕ್ಕೇ ವೆಬ್‌ಮೇಲ್ ಎನ್ನುವುದು. ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ನಮ್ಮ ಕಾಗದವನ್ನು ತೋರಿಸಿ, "ಓದಿದಿರಾ? ಸರಿ, ಇನ್ನು ನಮ್ಮ ಬೀರುವಿನಲ್ಲೇ ಇರಲಿ" ಎಂದು ಮರಳಿ ಇಟ್ಟುಕೊಂಡರೆ ಹೇಗಿರುತ್ತದೋ, ಇದೂ ಹಾಗೆಯೇ. ಕಿಟಕಿ ತೆರೆದಿರುವಷ್ಟು ದಿನ ಅಡ್ಡಿಯಿಲ್ಲ. ಮುಚ್ಚಿದ ದಿನ?

ಮುಚ್ಚಿದ ದಿನ ಏನಾಗುತ್ತದೆ ಎಂಬುದನ್ನು ನಮ್ಮ ಸಂಘವೇ ಅನುಭವಿಸಿತು. ಇಲ್ಲಿರುವ ಬಹಳ ಮಂದಿಗೆ ಅರ್ಧ ಸಂಗತಿ ಗೊತ್ತು. ಇವತ್ತು ಪೂರ್ತಿ ಹೇಳುತ್ತೇನೆ.

ಸಂಘದ ಹೆಸರಿನಲ್ಲಿ ಒಂದು ಬಿಟ್ಟಿ ಮೇಲ್ ಖಾತೆ ಇತ್ತು. ತೆರೆದವರು ಆಗಿನ ಕಾರ್ಯದರ್ಶಿಗಳು. ಅವರದೇ ಫೋನ್ ನಂಬರನ್ನು ಕೊಟ್ಟಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅವರು ನಿವೃತ್ತರಾಗಿ ಊರಿಗೆ ಹೋದರು, ಆ ಸಿಮ್ಮನ್ನು ಬಿಟ್ಟರು. ಮುಂದೊಂದು ದಿನ ನಮ್ಮವರೊಬ್ಬರು ಗುಪ್ತಪದವನ್ನು ನಾಲ್ಕು ಸಲ ತಪ್ಪಾಗಿ ಒತ್ತಿದರು. ಕಂಪನಿ "ನಿಮ್ಮ ಫೋನಿಗೆ ಕಳಿಸಿದ ಸಂಖ್ಯೆಯನ್ನು ಹೇಳಿ" ಎಂದಿತು. ಆ ನಂಬರು ಆಗಲೇ ಬೇರೆ ಯಾರದೋ ಆಗಿತ್ತು. ಅರ್ಜಿ ಹಾಕಿದೆವು, ಮತ್ತೆ ಹಾಕಿದೆವು. ನೀವೇ ಮಾಲೀಕರೆಂದು ತಿಳಿಯುವುದು ಸಾಧ್ಯವಾಗಲಿಲ್ಲ ಎಂಬ ಒಂದೇ ಉತ್ತರ. ಮಾತಾಡೋಣವೆಂದರೆ ಮನುಷ್ಯರೇ ಇಲ್ಲ. ಹೋಟೆಲಿನಲ್ಲಾದರೆ ಗಿರಾಕಿ ಮಾಲೀಕರನ್ನು ಕರೆಯಿರಿ ಎನ್ನಬಹುದು. ಇಲ್ಲಿ ಕರೆಯುವುದು ಯಾರನ್ನು?

ಅದೇ ಸಮಯಕ್ಕೆ ನಮ್ಮ ಸದಸ್ಯರಾಗಿದ್ದ ಒಬ್ಬ ಅಡಿಗೆಯವರು ತೀರಿಕೊಂಡರು. ಅವರ ಹೆಂಡತಿ ಕುಂದಾಪುರದ ಕಡೆಯವರು. 1995ರ ನೌಕರರ ಪಿಂಚಣಿ ಯೋಜನೆಯ ಪ್ರಕಾರ, ಸೇವೆಯಲ್ಲಿರುವಾಗಲೇ ಸದಸ್ಯನು ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಆತನ ಹೆಂಡತಿಗೆ ಪಿಂಚಣಿಯ ಹಕ್ಕುಂಟು. ಹಕ್ಕೇನೋ ಉಂಟು, ಕಾಗದ ಬೇಕಲ್ಲ! ಆತ ಮೊದಲು ದುಡಿದ ಹೋಟೆಲಿನ ದಾಖಲೆಯಲ್ಲಿ ಹೆಸರು ಒಂದು ತರಹ, ಎರಡನೆಯ ಹೋಟೆಲಿನಲ್ಲಿ ಇನ್ನೊಂದು ತರಹ. ನಮ್ಮ ಕಡೆಯವರ ಹೆಸರು ತಮಗೆ ಗೊತ್ತಲ್ಲ: ಊರಿನ ಹೆಸರು ಮುಂದೆ, ತಂದೆಯ ಹೆಸರು ನಡುವೆ, ಉತ್ತರದ ಗುಮಾಸ್ತರ ಕೈಗೆ ಸಿಕ್ಕರೆ ಯಾವುದು ಅಡ್ಡಹೆಸರು, ಯಾವುದು ಸ್ವಂತ ಹೆಸರು ಎಂಬುದೇ ತಿಳಿಯದು. ಇಬ್ಬರೂ ಒಬ್ಬನೇ ಎಂದು ಮೊದಲನೆಯ ಹೋಟೆಲಿನ ಮಾಲೀಕರು ಬರೆದುಕೊಡಬೇಕಾಗಿತ್ತು. ಆ ಹೋಟೆಲು ಮುಚ್ಚಿ ವರ್ಷಗಳಾಗಿದ್ದವು. ಆದರೆ ಹಿಂದೊಮ್ಮೆ, ಆ ಅಡಿಗೆಯವರ ಮಗುವಿನ ಶಾಲೆಯ ಕೆಲಸಕ್ಕೆಂದು, ಅವರು ಸೇರಿದ ದಿನ, ಬಿಟ್ಟ ದಿನ, ಎರಡೂ ಹೆಸರು ಬರೆದು ಸಹಿ ಮಾಡಿದ ಪತ್ರವನ್ನು ಅದೇ ಮಾಲೀಕರು ಸಂಘದ ಮೇಲಿಗೆ ಕಳುಹಿಸಿದ್ದರು. ಎಲ್ಲಿತ್ತು ಆ ಪತ್ರ? ಮುಚ್ಚಿದ ಪೆಟ್ಟಿಗೆಯ ಒಳಗೆ.

ಆ ತಾಯಿ ಇದೇ ಕೋಣೆಯಲ್ಲಿ, ಅಗೋ ಆ ಬೆಂಚಿನ ಮೇಲೆ ಕುಳಿತಿದ್ದರು. "ಅಣ್ಣ, ಕಾಗದ ಉಂಟು ಅಂತೀರಿ, ತೋರಿಸಿ ಅಂದರೆ ಇಲ್ಲ ಅಂತೀರಿ" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆಗ ನೆನಪಾಯಿತು ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಸಂಘದ ಹಳೆಯ ಕಂಪ್ಯೂಟರು. ಸದಸ್ಯರೊಬ್ಬರ ಮಗ, ಕಾಲೇಜು ಹುಡುಗ, ಅದರಲ್ಲಿ ಥಂಡರ್‌ಬರ್ಡ್ ಎಂಬ ಒಂದು ಪ್ರೋಗ್ರಾಂ ಹಾಕಿ, ಸಂಘದ ಮೇಲನ್ನು ಅದರೊಳಕ್ಕೆ ಜೋಡಿಸಿಕೊಟ್ಟಿದ್ದ. ಅದೇಕೆ ಬೇಕೆಂದು ನಾವು ನಕ್ಕಿದ್ದೆವು. ಧೂಳು ಕೊಡವಿ ತೆರೆದೆವು. ಕಂಪನಿಯ ಬಾಗಿಲು ಅಲ್ಲಿಯೂ ತೆರೆಯಲಿಲ್ಲ. ಆದರೆ ಅದುವರೆಗೆ ಇಳಿದು ಬಂದಿದ್ದ ಕಾಗದಗಳೆಲ್ಲ ಒಳಗೆ ಸಾಲಾಗಿ ಇದ್ದವು. ಆ ಪತ್ರವೂ ಇತ್ತು. ಅಚ್ಚು ತೆಗೆದು ಕೊಟ್ಟೆವು. ಅರ್ಜಿ ಮುಂದಕ್ಕೆ ಹೋಯಿತು. ಈಗ ಆ ತಾಯಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಸತ್ಯ ಪೂರ್ತಿ ಹೇಳಬೇಕು. ಆ ಕಂಪ್ಯೂಟರನ್ನು ನಾವು ಕೊನೆಯ ಮೂರು ತಿಂಗಳು ತೆರೆದೇ ಇರಲಿಲ್ಲ. ಆ ಮೂರು ತಿಂಗಳ ಕಾಗದ ಅದಕ್ಕೆ ಇಳಿದಿರಲಿಲ್ಲ, ಹೋದದ್ದು ಹೋಯಿತು. ಅದರಲ್ಲಿ ನಮ್ಮ ಮಿಲ್ ಕಾರ್ಮಿಕರೊಬ್ಬರ ಮಗನ ಕಾಲೇಜು ಫೀ ಮಾಫಿಗೆ ಬೇಕಾದ ಪತ್ರವೂ ಇತ್ತು. ಸಮಯಕ್ಕೆ ಒದಗಲಿಲ್ಲ. ಹುಡುಗನ ತಂದೆ ಆ ವರ್ಷದ ಫೀಯನ್ನು ಸಾಲ ಮಾಡಿ ಕಟ್ಟಿದರು. ಅವರು ಸಭೆಯಲ್ಲಿದ್ದಾರೆ, ಒಂದು ದಿನವೂ ನಮ್ಮನ್ನು ದೂರಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಮಿಲ್ಲಿನ ಹಿರಿಯರಿಗೆ ಇದು ಹೊಸ ಮಾತಲ್ಲ. ಈ ಊರಿನ ಎಂಪ್ರೆಸ್ ಮಿಲ್ಲನ್ನು ಜಮ್‌ಶೆಟ್‌ಜಿ ಟಾಟಾರವರು 1877ರ ಜನವರಿ 1ರಂದು ಆರಂಭಿಸಿದರು. ನೂರಿಪ್ಪತ್ತೈದು ವರ್ಷ ತಿರುಗಿದ ಆ ಚಕ್ರ 2002ರಲ್ಲಿ ನಿಂತಿತು. ಅಷ್ಟು ದೊಡ್ಡ ಮಿಲ್ಲೇ ನಿಲ್ಲುವುದಾದರೆ, ಯಾವ ಕಂಪನಿ ಶಾಶ್ವತ? ಮಿಲ್ಲು ನಿಂತ ದಿನ ಪಾಸ್‌ಬುಕ್ಕು, ಚೀಟಿ, ಹಾಜರಿ ಕಾರ್ಡು ಮನೆಯ ಟ್ರಂಕಿನಲ್ಲಿ ಇದ್ದವನು ಕಿಟಕಿಯ ಮುಂದೆ ನಿಂತು ಧೈರ್ಯವಾಗಿ ಮಾತಾಡಬಲ್ಲ. "ಎಲ್ಲ ಆಫೀಸಿನಲ್ಲೇ ಇತ್ತು" ಎನ್ನುವವನು ಏನು ಮಾತಾಡಿಯಾನು?

ಈ ಬಿಟ್ಟಿ ಮೇಲ್ ಎಂಬುದು ಹೇಗೆ ಬಂತೆಂಬುದನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಕಾಗದ ಕಳಿಸುವುದನ್ನು ಅಮೆರಿಕದ ರೇ ಟಾಮ್ಲಿನ್‌ಸನ್ 1971ರಲ್ಲಿ ಸಾಧಿಸಿದರು. ನಮ್ಮ ದೇಶದ ಸಾಮಾನ್ಯ ಜನರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷ, 1996ರ ಜುಲೈ 4ರಂದು, ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಎಂಬ ಇಬ್ಬರು ಹಾಟ್‌ಮೇಲ್ ಆರಂಭಿಸಿದರು. ಭಾಟಿಯಾ ನಮ್ಮ ಬೆಂಗಳೂರಿನಲ್ಲಿ ಶಾಲೆ ಓದಿ ಬೆಳೆದವರು. ಯಾವ ಊರಿನ ಯಾವ ಕಂಪ್ಯೂಟರಿನಿಂದ ಬೇಕಾದರೂ ಬ್ರೌಸರಿನಲ್ಲಿ ಮೇಲ್ ನೋಡಬಹುದು, ಒಂದು ಕಾಸೂ ಕೊಡಬೇಕಾಗಿಲ್ಲ ಎಂಬುದೇ ಅವರ ಹೊಸತನ. ಸ್ವಂತ ಕಂಪ್ಯೂಟರಿಲ್ಲದ ಬಡವನಿಗೆ ಅದು ದೊಡ್ಡ ಉಪಕಾರವೇ ಆಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು.

ಆದರೆ ಬಿಟ್ಟಿ ಊಟ ಹಾಕುವ ಹೋಟೆಲನ್ನು ಎಲ್ಲಾದರೂ ಕಂಡಿದ್ದೀರಾ? ಕಂಪನಿಯ ಗಳಿಕೆ ಜಾಹೀರಾತಿನಿಂದ. ಗಿರಾಕಿ ಕಿಟಕಿಗೆ ಬಂದರೆ ತಾನೇ ಜಾಹೀರಾತು ಕಾಣುವುದು? ಕಾಗದವನ್ನು ಮನೆಗೊಯ್ದು ಓದಿದರೆ ಅವರಿಗೇನು ಬಂತು? ಆದ್ದರಿಂದ ಮೊದಲು ಎಲ್ಲರೂ ಧಾರಾಳವಾಗಿರಲಿಲ್ಲ. ಯಾಹೂ 2002ರಲ್ಲಿ ಈ ಸೌಕರ್ಯಕ್ಕೆ ಹಣ ಕೇಳತೊಡಗಿತು. ಜೀಮೇಲ್ 2004ರ ಏಪ್ರಿಲ್ 1ರಂದು ಬಂದು, ಅದೇ ವರ್ಷ ಪಾಪ್ ಎಂಬ ದಾರಿಯನ್ನೂ 2007ರಲ್ಲಿ ಇಮ್ಯಾಪ್ ಎಂಬ ದಾರಿಯನ್ನೂ ಬಿಟ್ಟಿಯಾಗಿಯೇ ತೆರೆಯಿತು. ಆಮೇಲೆ ಉಳಿದ ದೊಡ್ಡ ಕಂಪನಿಗಳೂ ತೆರೆದವು. ಈಗಲೂ ಕೆಲವು ಕಂಪನಿಗಳು ಹಣ ಕೊಟ್ಟವರಿಗೆ ಮಾತ್ರ ಈ ಬಾಗಿಲು ತೆರೆಯುತ್ತವೆ. ಹೊಸ ಖಾತೆ ತೆರೆಯುವಾಗ "ಇಮ್ಯಾಪ್ ಉಂಟೋ?" ಎಂದು ಮೊದಲು ಕೇಳಿಕೊಳ್ಳಿ.

ಪಾಪ್ ಎಂದರೇನು, ಇಮ್ಯಾಪ್ ಎಂದರೇನು? ಹೋಟೆಲಿನ ಮಾತಿನಲ್ಲೇ ಹೇಳುತ್ತೇನೆ.

ಪಾಪ್ ಎಂದರೆ ಪಾರ್ಸೆಲ್. ಕಂಪನಿಯ ಪೆಟ್ಟಿಗೆಗೆ ಬಂದ ಕಾಗದವನ್ನು ಕಟ್ಟಿಸಿಕೊಂಡು ಮನೆಗೆ ತರುವುದು. ಇದರ ಹಳೆಯ ರೂಢಿಯೆಂದರೆ, ತಂದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. "ಒಂದು ಪ್ರತಿ ಅಲ್ಲಿಯೇ ಇರಲಿ" ಎಂದು ಪ್ರೋಗ್ರಾಮಿನಲ್ಲಿ ಗುರುತು ಹಾಕಿದರೆ ಮಾತ್ರ ಉಳಿಯುತ್ತದೆ. ಬರುವುದೂ ಇನ್‌ಬಾಕ್ಸಿನದು ಮಾತ್ರ. ನಾವು ಕಳಿಸಿದ ಕಾಗದ, ಬೇರೆ ಬೇರೆ ಕಟ್ಟುಗಳಲ್ಲಿ ಇಟ್ಟ ಕಾಗದ ಬರುವುದಿಲ್ಲ.

ಇಮ್ಯಾಪ್ ಎಂದರೆ ಗಲ್ಲೆಯ ಪುಸ್ತಕ ಮತ್ತು ಅಡಿಗೆಮನೆಯ ಪುಸ್ತಕ ಒಂದೇ ಲೆಕ್ಕ ತೋರಿಸುವುದು. ಸಪ್ಲೈಯರು ಎರಡು ಮಸಾಲೆ ಎಂದು ಬರೆದರೆ ಎರಡು ಕಡೆಯೂ ಎರಡು. ಒಂದನ್ನು ಹೊಡೆದುಹಾಕಿದರೆ ಎರಡು ಕಡೆಯೂ ಒಂದು. ಕಂಪನಿಯ ಪೆಟ್ಟಿಗೆಯಲ್ಲಿ ಏನಿದೆಯೋ ಅದೇ ನಮ್ಮ ಕಂಪ್ಯೂಟರಿನಲ್ಲಿ, ಅದೇ ಫೋನಿನಲ್ಲಿ. ಇದನ್ನು ಮಾರ್ಕ್ ಕ್ರಿಸ್ಪಿನ್ ಎಂಬವರು 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದರು. ಒಂದಕ್ಕಿಂತ ಹೆಚ್ಚು ಮಂದಿ ನೋಡಬೇಕಾದ ಸಂಘದ ಖಾತೆಗೆ ಇದೇ ಸರಿಯಾದುದು.

ಇನ್ನು ಮೂರನೆಯ ಹೆಸರು ಎಸ್‌ಎಮ್‌ಟಿಪಿ. ಇದು ಹೊರಗೆ ಹೋಗುವ ಟಪಾಲಿನ ದಾರಿ, 1982ರಿಂದ ಇದೆ. ಒಳಗೆ ಬರುವ ಬಾಗಿಲು ಬೇರೆ, ಹೊರಗೆ ಹೋಗುವ ಬಾಗಿಲು ಬೇರೆ. "ಮೇಲ್ ಬರುತ್ತದೆ ಮಾರಾಯರೇ, ಆದರೆ ಕಳಿಸಿದರೆ ಹೋಗುವುದಿಲ್ಲ" ಎಂದು ಯಾರಾದರೂ ಹೇಳಿದರೆ, ಕೆಟ್ಟಿರುವುದು ಈ ಹೊರಬಾಗಿಲೇ ಎಂದು ತಿಳಿಯಿರಿ.

ಈಗ ಮಾಡುವ ಕ್ರಮ. ಪುಸ್ತಕ ತಂದವರು ಬರೆದುಕೊಳ್ಳಬಹುದು.

ಮೊದಲನೆಯದು, ಥಂಡರ್‌ಬರ್ಡನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಮೊಜಿಲ್ಲಾ ಸಂಸ್ಥೆ 2004ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಿತು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಕಂಡಕಂಡಲ್ಲಿ ಸಿಕ್ಕುವುದನ್ನು ಹಾಕಿಕೊಳ್ಳಬೇಡಿ.

ಎರಡನೆಯದು, ಪ್ರೋಗ್ರಾಂ ತೆರೆದರೆ ಹೆಸರು, ಮೇಲ್ ವಿಳಾಸ ಕೇಳುತ್ತದೆ. ಜೀಮೇಲಿನಂತಹ ಹೆಸರಾಂತ ಕಂಪನಿಯಾದರೆ ಉಳಿದುದನ್ನು ತಾನೇ ಹುಡುಕಿಕೊಳ್ಳುತ್ತದೆ. ಇಮ್ಯಾಪ್ ಬೇಕೋ ಪಾಪ್ ಬೇಕೋ ಎಂದು ಕೇಳಿದಾಗ ಇಮ್ಯಾಪ್ ಎನ್ನಿ. ನಾವೇ ತುಂಬಬೇಕಾಗಿ ಬಂದರೆ, ಜೀಮೇಲಿಗೆ ಒಳಬಾಗಿಲು ಇಮ್ಯಾಪ್ ಡಾಟ್ ಜೀಮೇಲ್ ಡಾಟ್ ಕಾಮ್, ಬಾಗಿಲ ಸಂಖ್ಯೆ 993. ಹೊರಬಾಗಿಲು ಎಸ್‌ಎಮ್‌ಟಿಪಿ ಡಾಟ್ ಜೀಮೇಲ್ ಡಾಟ್ ಕಾಮ್, ಸಂಖ್ಯೆ 465 ಅಥವಾ 587. ಪಾಪ್ ಆದರೆ 995. ಈ ಸಂಖ್ಯೆಗಳಲ್ಲಿ ಕಾಗದ ಬೀಗ ಹಾಕಿದ ಚೀಲದಲ್ಲಿ ಬರುತ್ತದೆ. ದಾರಿಯಲ್ಲಿ ಯಾರೂ ಇಣುಕಲಾರರು.

ಮೂರನೆಯದು ಗುಪ್ತಪದ. ಬಹಳ ಮಂದಿ ಮುಗ್ಗರಿಸುವುದು ಇಲ್ಲಿಯೇ. ಹಿಂದೆ ವೆಬ್‌ಮೇಲಿನ ಗುಪ್ತಪದವನ್ನೇ ಪ್ರೋಗ್ರಾಮಿಗೂ ಕೊಟ್ಟರೆ ಸಾಕಾಗಿತ್ತು. ಗೂಗಲ್ 2022ರ ಮೇ 30ರಿಂದ ಸಾಮಾನ್ಯ ಖಾತೆಗಳಿಗೆ ಅದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಂದು ನಿಲ್ಲಿಸಿತು. ಗುಪ್ತಪದ ಸರಿಯಾಗಿಯೇ ಇದ್ದರೂ "ತಪ್ಪು" ಎಂದು ಬರುವುದು ಇದರಿಂದ. ಹೆದರಬೇಡಿ, ಹತ್ತು ಸಲ ಒತ್ತಿ ಖಾತೆಗೆ ಬೀಗ ಬೀಳುವಂತೆಯೂ ಮಾಡಬೇಡಿ. ಈಗ ಥಂಡರ್‌ಬರ್ಡ್ ಒಂದು ಸಣ್ಣ ಕಿಟಕಿಯನ್ನು ತೆರೆಯುತ್ತದೆ. ಅದು ಕಂಪನಿಯದೇ ಕಿಟಕಿ. ಅಲ್ಲಿ ಗುಪ್ತಪದ ಹೇಳಿ, "ಈ ಪ್ರೋಗ್ರಾಮಿಗೆ ಅನುಮತಿ ಇದೆ" ಎಂದು ಒಪ್ಪಿದರೆ ಮುಗಿಯಿತು. ಗುಪ್ತಪದ ಪ್ರೋಗ್ರಾಮಿನ ಕೈಗೆ ಹೋಗುವುದೇ ಇಲ್ಲ. ಅದಕ್ಕೆ ಸಿಕ್ಕುವುದು ಒಂದು ಪಾಸು ಮಾತ್ರ. ಮಿಲ್ಲಿನ ಗೇಟಿನಲ್ಲಿ ಹೊರಗಿನವರಿಗೆ ಕೊಡುವ ಪಾಸಿನ ಹಾಗೆ; ಬೇಡವಾದ ದಿನ ರದ್ದು ಮಾಡಬಹುದು.

ಈ ಕಿಟಕಿ ತೆರೆಯಲು ಬಾರದ ಹಳೆಯ ಪ್ರೋಗ್ರಾಮುಗಳಿಗೆ ಆ್ಯಪ್ ಪಾಸ್‌ವರ್ಡ್ ಎಂಬುದುಂಟು. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಆರಂಭಿಸಿದ ಮೇಲೆ, ಹದಿನಾರು ಅಕ್ಷರಗಳ ಒಂದು ಬೇರೆ ಗುಪ್ತಪದವನ್ನು ಗೂಗಲ್ಲೇ ಮಾಡಿಕೊಡುತ್ತದೆ. ಮುಖ್ಯ ಗುಪ್ತಪದವನ್ನು ಬದಲಾಯಿಸಿದರೆ ಇದು ರದ್ದಾಗುತ್ತದೆ, ಹೊಸದನ್ನು ಮಾಡಿಸಿಕೊಳ್ಳಬೇಕು.

ನಾಲ್ಕನೆಯದನ್ನು ಯಾರೂ ಮರೆಯಬಾರದು. ಇಮ್ಯಾಪ್ ಕನ್ನಡಿಯಂತೆ. ಅಲ್ಲಿ ಅಳಿಸಿದರೆ ಇಲ್ಲಿಯೂ ಅಳಿಯುತ್ತದೆ. ಯಾವನಾದರೂ ಕಳ್ಳ ಖಾತೆಗೆ ನುಗ್ಗಿ ಎಲ್ಲವನ್ನೂ ಅಳಿಸಿದರೆ, ನಮ್ಮ ಕಂಪ್ಯೂಟರು ಮುಂದಿನ ಸಲ ಜೋಡಣೆಯಾದಾಗ ಅದೂ ಅಳಿಸಿಕೊಳ್ಳುತ್ತದೆ. ಆದ್ದರಿಂದ ಇಮ್ಯಾಪ್ ಒಂದರಿಂದಲೇ ಟ್ರಂಕು ಆಗುವುದಿಲ್ಲ. ಥಂಡರ್‌ಬರ್ಡಿನಲ್ಲಿ ಲೋಕಲ್ ಫೋಲ್ಡರ್ಸ್ ಎಂಬ ಜಾಗವುಂಟು. ಅದು ಕಂಪನಿಗೆ ಸಂಬಂಧವಿಲ್ಲದ, ನಮ್ಮದೇ ಆದ ಜಾಗ. ಬೆಲೆಯುಳ್ಳ ಕಾಗದಗಳನ್ನು ಅಲ್ಲಿಗೆ ನಕಲು ಮಾಡಿಡಿ. ನಕಲು ಎಂದೆ, ಸರಿಸಬೇಡಿ, ಸರಿಸಿದರೆ ಅಲ್ಲಿಂದ ಹೋಗಿಬಿಡುತ್ತದೆ. ಖಾತೆಗೆ ಬೀಗ ಬಿದ್ದ ಗಾಬರಿಯಲ್ಲಿ ಪ್ರೋಗ್ರಾಮಿನಿಂದ ಆ ಖಾತೆಯನ್ನೇ ಕಿತ್ತುಹಾಕುವುದೂ ಬೇಡ; ಅದರೊಂದಿಗೆ ಇಳಿದು ಬಂದ ಪ್ರತಿಗಳೂ ಹೋಗಬಹುದು. ಮೊದಲು ನಕಲು, ಆಮೇಲೆ ಉಳಿದ ಮಾತು.

ಐದನೆಯದು, ತಿಂಗಳಿಗೊಮ್ಮೆ ಆ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಪ್ರತಿ ಮಾಡಿ ಬೇರೆ ಮನೆಯಲ್ಲಿಡಿ. ಕಂಪ್ಯೂಟರೂ ಸಾಯುತ್ತದೆ. ಒಂದೇ ಕಡೆ ಇರುವ ಕಾಗದ ಇಲ್ಲದ ಕಾಗದಕ್ಕೆ ಸಮಾನ.

ಹಿಂದಿನ ಸಾಲಿನಿಂದ ನಮ್ಮ ಭಟ್ಟರು ಕೇಳುತ್ತಿದ್ದಾರೆ: "ಎಲ್ಲ ಫೋನಿನಲ್ಲೇ ಬರುವಾಗ ಈ ಕಂಪ್ಯೂಟರಿನ ಗೊಡವೆ ಏಕೆ?" ಒಳ್ಳೆಯ ಪ್ರಶ್ನೆ. ಭಟ್ಟರೇ, ಫೋನಿನಲ್ಲಿರುವುದೂ ಇದರ ತಮ್ಮನೇ. ಆದರೆ ಅದು ಸಾಮಾನ್ಯವಾಗಿ ಇತ್ತೀಚಿನ ಕೆಲವು ದಿನಗಳ ಕಾಗದವನ್ನು ಮಾತ್ರ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಹಳೆಯದನ್ನು ನೀವು ಕೇಳಿದಾಗ ಕಂಪನಿಯಿಂದ ತಂದು ತೋರಿಸುತ್ತದೆ. ಫೋನು ಬಿಸಿನೀರಿಗೆ ಬೀಳುತ್ತದೆ, ರೈಲಿನಲ್ಲಿ ಕಳೆಯುತ್ತದೆ. ದಿನದ ಓದಿಗೆ ಫೋನು ಸಾಕು. ಹತ್ತು ವರ್ಷದ ಕಾಗದಕ್ಕೆ ಸಾಲದು.

ಮತ್ತೊಬ್ಬರು ಮೊನ್ನೆ ಕೇಳಿದರು: "ಕಂಪ್ಯೂಟರಿನಲ್ಲಿ ಇಟ್ಟರೆ ಕಂಡವರೆಲ್ಲ ಓದುವುದಿಲ್ಲವೇ?" ಓದುತ್ತಾರೆ, ಅದು ನಿಜವಾದ ಅಪಾಯ. ಆದ್ದರಿಂದ ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ, ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಸ್ವಂತ ಮೇಲನ್ನು ಹೀಗೆ ಜೋಡಿಸಲೇಬಾರದು. ಅಂತಹ ಕಡೆ ಬ್ರೌಸರಿನ ಕಿಟಕಿಯೇ ಲೇಸು; ನೋಡಿ, ಲಾಗ್ ಔಟ್ ಮಾಡಿ ಎದ್ದು ಬನ್ನಿ. ಸ್ವಂತದ್ದೋ ಸಂಘದ್ದೋ ಆದ ಕಂಪ್ಯೂಟರಿಗೂ ತೆರೆಯುವಾಗಲೇ ಗುಪ್ತಪದ ಕೇಳುವಂತೆ ಮಾಡಿರಬೇಕು. ಫೋನಿಗೆ ಬಂದ ಸಂಖ್ಯೆಯನ್ನು, ಯಾರು ಎಷ್ಟೇ ನಯವಾಗಿ ಕೇಳಿದರೂ, ಹೇಳಬಾರದು.

ಇನ್ನೊಂದು ಎಚ್ಚರಿಕೆ. ಎರಡು ವರ್ಷ ಮುಟ್ಟದೆ ಬಿಟ್ಟ ಸ್ವಂತ ಖಾತೆಗಳನ್ನು ಅಳಿಸಿಹಾಕುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿತು. ಊರಿನಲ್ಲಿರುವ ತಂದೆಯವರ ಹೆಸರಿನಲ್ಲಿ ಖಾತೆ ತೆರೆದು ಮರೆತವರು ನಮ್ಮಲ್ಲಿ ಎಷ್ಟು ಮಂದಿ? ಮೂರು ತಿಂಗಳಿಗೊಮ್ಮೆ ಬ್ರೌಸರಿನಲ್ಲಿ ಹೋಗಿ ಒಂದು ಕಾಗದ ಓದಿ ಬನ್ನಿ. ಜಾಗದ ಮಾತೂ ಹಾಗೆಯೇ: ಜೀಮೇಲ್, ಫೋಟೋ, ಡ್ರೈವ್ ಮೂರಕ್ಕೂ ಸೇರಿ ಬಿಟ್ಟಿಯಾಗಿ ಸಿಕ್ಕುವುದು 15 ಜಿಬಿ. ಮದುವೆಯ ಫೋಟೋ ತುಂಬಿ ತುಳುಕಿದರೆ ಪಿಂಚಣಿಯ ಕಾಗದಕ್ಕೆ ಜಾಗವಿಲ್ಲದಂತಾಗುತ್ತದೆ.

ಕೊನೆಯದಾಗಿ ಸಂಘದ ಮುಂದೆ ಮೂರು ಸೂಚನೆಗಳನ್ನು ಇಡುತ್ತೇನೆ. ಒಂದು: ಹೊಸ ಖಾತೆಯ ಮರುಪಡೆವ ನಂಬರು ಯಾವ ಒಬ್ಬರ ಸ್ವಂತದ್ದೂ ಆಗಿರಬಾರದು, ಸಂಘದ ಹೆಸರಿನಲ್ಲಿ ಸಿಮ್ಮು ಕೊಂಡು ಅದಕ್ಕೆ ಸಮಯಕ್ಕೆ ಸರಿಯಾಗಿ ಹಣ ಹಾಕಬೇಕು. ಎರಡು: ಪದಾಧಿಕಾರಿಗಳು ಬದಲಾದಾಗ ರಸೀದಿ ಪುಸ್ತಕ, ಮೊಹರು, ಬೀಗದ ಕೈ ಒಪ್ಪಿಸುವಂತೆ ಮೇಲ್ ಖಾತೆಯನ್ನೂ ಸಭೆಯ ನಡಾವಳಿಯಲ್ಲಿ ಬರೆದು ಒಪ್ಪಿಸಬೇಕು. ಮೂರು: ಆ ಹಳೆಯ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸುವುದನ್ನು ನಿಲ್ಲಿಸಬೇಕು. ವಾರಕ್ಕೊಮ್ಮೆ ಯಾರಾದರೊಬ್ಬರು ಅದನ್ನು ತೆರೆದು, ಕಾಗದ ಇಳಿದುದನ್ನು ನೋಡಿ, ಪುಸ್ತಕದಲ್ಲಿ ಸಹಿ ಹಾಕಬೇಕು. ಮೂರು ತಿಂಗಳು ತೆರೆಯದಿದ್ದುದರ ಬೆಲೆಯನ್ನು ಒಂದು ಮನೆಯವರು ಕೊಟ್ಟಿದ್ದಾರೆ. ಇನ್ನೊಂದು ಮನೆಯವರು ಕೊಡುವುದು ಬೇಡ.

ಮೊದಲ ತಿಂಗಳು ಆ ಸಹಿ ನನ್ನದಿರಲಿ. ಮುಂದಿನ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಊಟದ ಗಿರಾಕಿ ತೀರಿದ ಮೇಲೆ, ನಾನು ಇಲ್ಲಿಗೆ ಬರುತ್ತೇನೆ. ಆ ಕಾಲೇಜು ಹುಡುಗನೂ ಬರುತ್ತಾನೆ. ಈಗ ಅವನಿಗೆ ಕೆಲಸ ಸಿಕ್ಕಿದೆ. ಕಲಿಯಬೇಕೆನ್ನುವವರು ಫೋನನ್ನು ಪೂರ್ತಿ ಚಾರ್ಜು ಮಾಡಿಕೊಂಡು, ಒಂದು ನೋಟುಪುಸ್ತಕ ಹಿಡಿದು ಬನ್ನಿ. ಎರಡನೆಯ ಪಾಳಿಯಲ್ಲಿ ಇರುವವರಿಗಾಗಿ ಬೆಳಿಗ್ಗೆಯೂ ಒಂದು ಗಂಟೆ ಕೂರಲು ಅವನು ಒಪ್ಪಿದ್ದಾನೆ.